ಒಂದು ಮನೆ, ಇಬ್ಬರು ಭಾಗಮ್ಮಂದಿರು

ನಮ್ಮ ಕಲಬುರಗಿ ಕಡೆ ಕೂಸಿಗೆ ಹೆಸರಿಡುವ ಕೆಲಸ ಸೋದರತ್ತೆಯದು. ಅಪ್ಪ-ಅವ್ವ ಏನೇ ಯೋಚಿಸಿ ಇಟ್ಟುಕೊಂಡಿರಲಿ, ತೊಟ್ಟಿಲ ಕಾರ್ಯದ ದಿನ ಕೂಸಿನ ಕಿವಿಗೆ ಬಾಯಿಟ್ಟು 'ಕುರ್ರ್' ಅಂದು ಹೆಸರು ಹೇಳುವವಳು ಅಪ್ಪನ ಅಕ್ಕ ಅಥವಾ ತಂಗಿ. ಹೇಳಿ ಮುಗಿಸುವಷ್ಟರಲ್ಲಿ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಹೊಸ ಅಂಗಿ, ಕುಂಚಿಗಿ ತರುವವಳೂ ಅವಳೇ. "ಹಣೆಬರಹ ಶೆಟಿಗೆವ್ವ ಬರೀತಾಳ, ಹೆಸರು ಅತ್ತಿ ಇಡ್ತಾಳ" ಅಂತ ನಮ್ಮ ಆಯಿ ಹೇಳುತ್ತಿರುತ್ತಾಳೆ.

ಹೋದ ವರ್ಷ ನನ್ನ ತಮ್ಮನಿಗೆ ಮಗಳು ಹುಟ್ಟಿದಾಗ ಆ ಸರದಿ ನನಗೆ ಬಂತು. ಅವನಿಗೆ ನಾನೊಬ್ಬಳೇ ಅಕ್ಕ. ಯಾರೋ ಆರಿಸಿಟ್ಟ ಹೆಸರನ್ನು ಸುಮ್ನೆ ಕಿವಿಯಲ್ಲಿ ಊದಿ ಬರುವುದಕ್ಕೆ ನನಗೆ ಮನಸ್ಸಿರಲಿಲ್ಲ. ಈ ಕೂಸಿಗೆ ಆಯಿಯ ಹೆಸರು ಇಡಬೇಕು ಅನ್ನುವುದು ನನ್ನ ಆಸೆ. ತಮ್ಮನದೂ ಅದೇ.

ಆಯಿ ಅಂದರೆ ಅಪ್ಪನ ಅವ್ವ. ನಾನು ಪಿಯುಸಿ ಓದಲು ಊರು ಬಿಟ್ಟು ಕಲಬುರಗಿಗೆ ಬರಬೇಕಾದಾಗ, ಹುಡುಗಿ ಒಬ್ಬಳೇ ಹ್ಯಾಗಿರುತ್ತಾಳೆ ಅನ್ನುವ ಮಾತು ಮನೆಯಲ್ಲಿ ಎದ್ದಿತು. ಓದು ಅಲ್ಲಿಗೇ ನಿಲ್ಲುವುದರಲ್ಲಿತ್ತು. "ಅಕಿ ಜೋಡಿ ನಾ ಹೋಗ್ತೀನಿ" ಅಂದವಳು ಆಯಿ. ಹೊಲ, ಎಮ್ಮೆ, ಜೋಡಿ ಮುದುಕಿಯರು ಎಲ್ಲ ಬಿಟ್ಟು ಶರಣಬಸವೇಶ್ವರ ಗುಡಿ ಕಡೆಯ ಒಂದು ಓಣಿಯಲ್ಲಿ ನನ್ನ ಜೊತೆ ಬಾಡಿಗೆ ಕೋಣೆಯಲ್ಲಿ ಇದ್ದಳು. ನನ್ನ ಡಿಗ್ರಿ ಮುಗಿಯುವವರೆಗೂ ರೊಟ್ಟಿ ಬಡಿದು ಹಾಕಿದಳು. ಆಮೇಲೆ ತಮ್ಮ ಅದೇ ಕೋಣೆಗೆ ಬಂದ, ಅವನಿಗೂ ಮಾಡಿ ಹಾಕಿದಳು. ನಾವಿಬ್ಬರೂ ಇವತ್ತು ನೌಕರಿಯಲ್ಲಿ ಇದ್ದರೆ ಅದಕ್ಕೆ ಆಯಿ ಕಾರಣ. ಇಂಥವಳ ಹೆಸರು ಮನೆಯಲ್ಲಿ ಮುಂದುವರಿಯಬೇಕು ಅಂತ ಅನಿಸುವುದು ಸಹಜ ಅಲ್ವಾ?

ಆಧಾರ್, ರೇಷನ್ ಕಾರ್ಡ್, ವೋಟಿನ ಕಾರ್ಡ್ ಎಲ್ಲದರಲ್ಲೂ ಆಯಿಯ ಹೆಸರು ಕಮಲಾಬಾಯಿ. ಹಾಗಾಗಿ ನಾವು ಕಮಲದ ಸುತ್ತಲೇ ಹುಡುಕುತ್ತಿದ್ದೆವು. ಕಮಲಿನಿ, ನಳಿನಿ, ಪದ್ಮಜಾ. ಪದ್ಮಜಾ ಬಹುತೇಕ ಗಟ್ಟಿಯಾಗಿತ್ತು. ಅಫಜಲಪುರ ಕಡೆಯ ಹಳ್ಳಿಯಲ್ಲಿರುವ ಆಯಿಯ ತಮ್ಮನಿಗೆ, ಅಂದರೆ ನಮಗೆ ಮುತ್ಯಾ (ಅಜ್ಜ) ಆಗಬೇಕು, ಸುದ್ದಿ ತಿಳಿಸಲು ಫೋನ್ ಮಾಡಿದೆ. ಆಯಿಯ ಹೆಸರನ್ನೇ ಇಡುತ್ತಿದ್ದೇವೆ ಅಂದೆ. ಮುತ್ಯಾ ಖುಷಿಪಟ್ಟ. ಯಾವ ಹೆಸರು ಅಂತ ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಾದ. "ಕಮಲಾ ಅಂಬೋದು ನಿಮ್ಮ ಮನಿಯವರು ಇಟ್ಟ ಹೆಸರವ್ವ. ನಮ್ಮಕ್ಕ ಭಾಗಮ್ಮ" ಅಂದ.

ಮುತ್ಯಾ ನಮ್ಮ ಮನೆಗೆ ಬಂದಾಗೆಲ್ಲ ಬಾಗಿಲಲ್ಲೇ "ಭಾಗವ್ವಾ" ಅಂತ ಕೂಗುತ್ತಿದ್ದದ್ದು ನನಗೆ ಗೊತ್ತಿತ್ತು. ಅಕ್ಕನನ್ನು ಪ್ರೀತಿಯಿಂದ ಕರೆಯುವ ಮಾತು ಅದು ಅಂತಲೇ ನಾವು ಮಕ್ಕಳೆಲ್ಲ ತಿಳಿದಿದ್ದೆವು.

ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುವ ರೂಢಿ ಮಹಾರಾಷ್ಟ್ರದಲ್ಲಿದೆ. ಗಡಿಗೆ ಹತ್ತಿರದ ನಮ್ಮ ಕಡೆಯೂ ಎಷ್ಟೋ ಮನೆಗಳಲ್ಲಿ ಇತ್ತು. ತಾಟಿನಲ್ಲಿ ಅಕ್ಕಿ ಹರಡಿ, ಅದರ ಮೇಲೆ ಬೆರಳಿನಿಂದ ಹೊಸ ಹೆಸರು ಬರೆಯುವುದು ಪದ್ಧತಿ. ಆಯಿಯ ಮದುವೆಯಾದಾಗ ನಮ್ಮದಿನ್ನೂ ಹೈದರಾಬಾದ್ ರಾಜ್ಯ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿದಿತ್ತು, 1956ರ ನವೆಂಬರ್ 1 ಇನ್ನೂ ಬಂದಿರಲಿಲ್ಲ. ಆಯಿಗೆ ಅಕ್ಷರ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಅಕ್ಕಿಯಲ್ಲಿ ಏನು ಬರೆದರು ಅಂತ ಓದಲಿಕ್ಕೂ ಆಗದೆ, ಹೇಳಿದ್ದನ್ನು ಕೇಳಿಸಿಕೊಂಡು ಕಮಲಾಬಾಯಿಯಾಗಿ ಗಂಡನ ಮನೆಯ ಹೊಸ್ತಿಲು ದಾಟಿದಳು.

ನಮ್ಮ ಮನೆಯವರು ಹೆಸರು ಬದಲಿಸಿದ್ದಕ್ಕೆ ಕಾರಣ ಬೇರೆ ಇತ್ತು ಅಂತ ಮುತ್ಯಾನೇ ಹೇಳಿದ. ಆಯಿಯ ಅತ್ತೆಯ ಹೆಸರೂ ಭಾಗಮ್ಮ!

ಇದು ಅಪರೂಪವೇನಲ್ಲ. ಅಫಜಲಪುರ ತಾಲ್ಲೂಕಿನ ಘತ್ತರಗಿಯಲ್ಲಿ ಭೀಮಾ ನದಿಯ ದಂಡೆಗೆ ಭಾಗ್ಯವಂತಿ ದೇವಿಯ ಗುಡಿಯಿದೆ. ಆ ಸೀಮೆಯಲ್ಲಿ ಒಂದು ಕಲ್ಲು ಎಸೆದರೆ ಯಾವುದಾದರೂ ಭಾಗಮ್ಮನ ಅಂಗಳಕ್ಕೆ ಬೀಳುತ್ತದೆ. ನಮ್ಮ ಕಲಬುರಗಿ, ಬೀದರ, ಯಾದಗಿರಿ ಈ ಮೂರು ಜಿಲ್ಲೆಗಳಲ್ಲಿ ಹಳೇ ಕಾಲದವರ ಹೆಸರು ಕೇಳಿದರೆ ಸಾಕು, ಯಾವ ದೇವರ ನೆರಳಿನವರು ಅಂತ ತಿಳಿಯುತ್ತದೆ. ಕಲಬುರಗಿ ಸುತ್ತ ಶರಣಬಸಪ್ಪ, ಶರಣಮ್ಮ. ಸನ್ನತಿ ಕಡೆ ಚಂದ್ರಲಾಂಬೆಯ ಹೆಸರಿನ ಚಂದ್ರಮ್ಮ. ಗಾಣಗಾಪುರದ ಕಡೆ ದತ್ತಪ್ಪ. ಹುಮನಾಬಾದಿನಲ್ಲಿ ವೀರಭದ್ರಪ್ಪ, ಅಲ್ಲೇ ಮಾಣಿಕನಗರದ ಪ್ರಭುಗಳ ನೆನಪಿಗೆ ಮಾಣಿಕಪ್ಪ, ಮಾಣಿಕಮ್ಮ. ಯಾದಗಿರಿಯ ಮೈಲಾಪುರದಿಂದ ಮಲ್ಲಯ್ಯ, ಮಲ್ಲಮ್ಮ. ಕೃಷ್ಣಾ ದಂಡೆಯ ತಿಂಥಣಿಯಿಂದ ಮೌನೇಶ. ಪೀರಲ ಹಬ್ಬಕ್ಕೆ, ಅಂದರೆ ಮೊಹರಂಗೆ, ಹರಕೆ ಹೊತ್ತು ಹುಟ್ಟಿದವರು ಹುಸೇನಪ್ಪ, ಫಕೀರಪ್ಪ ಆಗಿ ಹಿಂದೂ ಮನೆಗಳಲ್ಲೇ ಬೆಳೆದಿದ್ದಾರೆ. ಈ ಹೆಸರುಗಳೆಂದರೆ ನನಗೆ ಬಹಳ ಅಕ್ಕರೆ. ಒಂದೊಂದು ಹೆಸರೂ ಒಂದು ಊರು, ಒಂದು ಜಾತ್ರೆ, ಒಂದು ಹರಕೆಯನ್ನು ಹೇಳುತ್ತದೆ. ಅವೆಲ್ಲ ಹಳೇದಾದವು ಅಂತ ಒಂದೇ ತಲೆಮಾರಿನಲ್ಲಿ ಕೈಬಿಟ್ಟಿದ್ದು ನನಗೆ ಸರಿ ಕಾಣುವುದಿಲ್ಲ.

ಹೀಗೆ ದಂಡೆಯ ಒಬ್ಬ ಭಾಗಮ್ಮ ಸೊಸೆಯಾಗಿ ಇನ್ನೊಬ್ಬ ಭಾಗಮ್ಮನ ಮನೆಗೆ ಬಂದಳು. ಒಂದೇ ಮನೆಯಲ್ಲಿ ಅತ್ತೆ-ಸೊಸೆಗೆ ಒಂದೇ ಹೆಸರು ನಡೆಯುವಂತಿರಲಿಲ್ಲ. ಮಾವ ಸೊಸೆಯನ್ನು ಕರೆದರೆ ಹೆಂಡತಿಯ ಹೆಸರು ಬಾಯಿಗೆ ಬರುತ್ತದೆ. ಮಗ ಹೆಂಡತಿಯನ್ನು ಕರೆದರೆ ಹಡೆದವ್ವನ ಹೆಸರು ಹಿಡಿದಂತೆ. ಚಿಕ್ಕವಳ ಹೆಸರೇ ಹೋಗಬೇಕಾಯಿತು.

ಹೆಸರು ಬದಲಾಗಿದ್ದು ಒಂದು ಕಡೆ. ಆಮೇಲೆ ಆಯಿ ಆ ಹೆಸರನ್ನು ಬಾಯಲ್ಲಿ ಆಡುವಂತೆಯೂ ಇರಲಿಲ್ಲ. ಗಂಡನ ಹೆಸರು, ಅತ್ತೆ-ಮಾವನ ಹೆಸರು ಸೊಸೆಯಾದವಳು ಹೇಳಬಾರದು. ಗಂಡನ ಹೆಸರಿಗಾದರೂ ಒಡಪಿನ ದಾರಿಯಿದೆ. ಮದುವೆ, ಸೀಮಂತ, ತೊಟ್ಟಿಲಲ್ಲಿ ಹೆಂಗಸರು ಸುತ್ತುಗಟ್ಟಿ ಹಟ ಹಿಡಿದರೆ ಪ್ರಾಸ ಹೊಸೆದು ಹೇಳಬಹುದು. "ಹೊಳಿ ನೀರು ತಂದೀನಿ ಕೊಡದಾಗ ತುಂಬಿ, ಬಸಪ್ಪನವರ ಹೆಸರು ಹೇಳ್ತೀನಿ ನಿಮ್ಮನ್ನ ನಂಬಿ" ಅಂತ ಆಯಿ ಈ ವಯಸ್ಸಿನಲ್ಲೂ ನಾಚಿಕೊಂಡೇ ಹೇಳುತ್ತಾಳೆ. ಅತ್ತೆಯ ಹೆಸರು ಹೇಳಲು ಒಡಪಿಲ್ಲ. ಹಾಗಾಗಿ ಆಯಿ ತಾನು ಹುಟ್ಟಿದಾಗ ಇಟ್ಟ ಹೆಸರನ್ನೇ ಇಷ್ಟು ವರ್ಷ ತನ್ನ ಬಾಯಿಂದ ಹೇಳಿಲ್ಲ. ಅತ್ತೆ ತೀರಿಕೊಂಡು ಎಷ್ಟೋ ಕಾಲವಾದರೂ ಹೇಳಿಲ್ಲ. ಭಾಗ್ಯವಂತಿಯ ಜಾತ್ರೆಗೆ ಹೋಗುವಾಗಲೂ "ಘತ್ತರಗಿ ತಾಯಿ" ಅನ್ನುತ್ತಾಳೆ, ದೇವಿಯ ಹೆಸರು ಹಿಡಿಯುವುದಿಲ್ಲ. ಅದು ಭಕ್ತಿಯ ಮಾತು ಅಂತ ನಾನು ಅಂದುಕೊಂಡಿದ್ದೆ.

ಮುತ್ಯಾ ಬಾಗಿಲಲ್ಲಿ "ಭಾಗವ್ವಾ" ಅಂತ ಕೂಗಿದಾಗ ಒಳಗಿಂದ ಅತ್ತೆ-ಸೊಸೆ ಇಬ್ಬರೂ ತಿರುಗಿ ನೋಡುತ್ತಿದ್ದರಂತೆ.

ಹೆಂಗಸರು ಸ್ವಂತ ಹೆಸರು ಹೇಳದಿರುವುದು ನಮ್ಮ ಮನೆಯ ಕತೆ ಮಾತ್ರ ಅಲ್ಲ. 1951-52ರಲ್ಲಿ ದೇಶದ ಮೊದಲ ಸಾರ್ವತ್ರಿಕ ಚುನಾವಣೆ ನಡೆದಾಗ ಮತದಾರರ ಪಟ್ಟಿ ಬರೆಯಲು ಬಂದವರಿಗೆ ಎಷ್ಟೋ ಹೆಂಗಸರು ಇಂಥವರ ಹೆಂಡತಿ, ಇಂಥವರ ತಾಯಿ ಅಂತಷ್ಟೇ ಹೇಳಿದರು. ಸ್ವಂತ ಹೆಸರು ಇಲ್ಲದೆ ಪಟ್ಟಿಗೆ ಸೇರಿಸುವಂತಿಲ್ಲ ಅಂತ ಆಗ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ್ ಸೇನ್ ಪಟ್ಟು ಹಿಡಿದರು. ಹೆಸರು ಕೊಡದ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಅವರಲ್ಲಿ ಹೆಚ್ಚಿನವರು ಉತ್ತರದ ರಾಜ್ಯಗಳವರು. ಆದರೂ ಆ ಲೆಕ್ಕ ಓದಿದಾಗ ನನಗೆ ನೆನಪಾಗಿದ್ದು ನಮ್ಮ ಆಯಿ.

ನಮ್ಮ ಕಡೆಯ ಹಳೇ ಕಾಗದಗಳನ್ನು ನೋಡಿದವರಿಗೆ ಇನ್ನೊಂದು ವಿಷಯ ಗೊತ್ತಿರುತ್ತದೆ. ಪಹಣಿ ಇರಲಿ, ಕೋರ್ಟಿನ ಕಾಗದ ಇರಲಿ, ಇಂಥವನು 'ತಂದೆ' ಇಂಥವನು ಅಂತ ಗಂಡಸಿನ ಹೆಸರು ಬರೆಯುತ್ತಾರೆ. ಹೆಂಗಸಾದರೆ ಇಂಥವಳು 'ಗಂಡ' ಇಂಥವನು. ಹೀಗಾಗಿ ನನ್ನ ಅಪ್ಪ, ಅವನ ಅಪ್ಪ, ಅವನ ಅಪ್ಪ ಅಂತ ಕಾಗದ ಹಿಡಿದು ಏಳೆಂಟು ಗಂಡಸರ ಹೆಸರು ಹಿಂದಕ್ಕೆ ಹೋಗಬಹುದು. ಅದೂ ಅಲ್ಲದೆ ಮೊಮ್ಮಗನಿಗೆ ಮುತ್ಯಾನ ಹೆಸರು ಇಡುವುದು ನಮ್ಮಲ್ಲಿ ಯಾರೂ ಕೇಳದೆ ನಡೆದುಬಿಡುತ್ತದೆ. ಬಸಪ್ಪನ ಮಗ ಶರಣಪ್ಪ, ಶರಣಪ್ಪನ ಮಗ ಬಸವರಾಜ. ಹೆಂಗಸರ ಸಾಲು ಹಿಡಿದು ಹೋದರೆ ಎರಡನೇ ಹೆಜ್ಜೆಗೇ ದಾರಿ ಮುಗಿಯುತ್ತದೆ. ಸನ್ನತಿಯ ಹತ್ತಿರದ ಕನಗನಹಳ್ಳಿ ಸ್ತೂಪದ ಕಲ್ಲುಗಳ ಮೇಲೆ ಸುಮಾರು 2000 ವರ್ಷದ ಹಿಂದೆ ದಾನ ಕೊಟ್ಟವರ ಹೆಸರುಗಳು ಬ್ರಾಹ್ಮಿ ಲಿಪಿಯಲ್ಲಿವೆ. ಅವರಲ್ಲಿ ಹೆಂಗಸರೂ ಇದ್ದಾರೆ. ಅದೇ ಭೀಮೆಯ ದಂಡೆಯಲ್ಲಿ ಹುಟ್ಟಿದ, ಇನ್ನೂ ನಮ್ಮ ಜೊತೆಗಿರುವ ಆಯಿಯ ಹುಟ್ಟು ಹೆಸರು ಒಂದು ಚೂರು ಕಾಗದದಲ್ಲೂ ಇಲ್ಲ. ಇದು ನನ್ನನ್ನು ನಿಜಕ್ಕೂ ಕಾಡಿತು.

ನಮ್ಮ ಊರಿಗೂ ಎರಡು ಹೆಸರಿತ್ತು. ನನ್ನ ಎಸ್ಸೆಸ್ಸೆಲ್ಸಿ ಕಾಗದದಲ್ಲಿ ಗುಲ್ಬರ್ಗಾ ಅಂತಿದೆ. 2014ರ ನವೆಂಬರ್ 1ರಿಂದ ಅದು ಸರ್ಕಾರಿ ಕಾಗದದಲ್ಲೂ ಕಲಬುರಗಿ ಆಯಿತು. ಊರಿಗಾದರೆ ಸರ್ಕಾರದ ಆದೇಶ ಬರುತ್ತದೆ. ಮನೆಯ ಹೆಂಗಸಿಗೆ ಮನೆಯವರೇ ಮಾಡಬೇಕು.

ಪದ್ಮಜಾ ಬೇಡ, ಭಾಗ್ಯವಂತಿ ಇಡೋಣ ಅಂತ ನಾನು ತಮ್ಮನಿಗೆ ಹೇಳಿದೆ. ಅವನು ಒಪ್ಪಿದ. ಆದರೆ ಒಂಬತ್ತು ತಿಂಗಳು ಹೊತ್ತವಳು ಅವನಲ್ಲವಲ್ಲ. ತಮ್ಮನ ಹೆಂಡತಿಯ ತವರು ಬಸವಕಲ್ಯಾಣ. ಬಾಣಂತನ ಅಲ್ಲೇ ನಡೆಯುತ್ತಿತ್ತು. ನಾನೇ ಹೋದೆ. ಇಂಥ ಮಾತು ಫೋನಿನಲ್ಲಿ ಆಗುವಂಥದ್ದಲ್ಲ.

ಅವಳು ಎಲ್ಲ ಕೇಳಿಸಿಕೊಂಡಳು. ಆಮೇಲೆ ಅವಳ ಮಾತುಗಳನ್ನು ಒಂದೊಂದಾಗಿ ಮುಂದಿಟ್ಟಳು. ಅವು ತಳ್ಳಿಹಾಕುವ ಮಾತುಗಳಾಗಿರಲಿಲ್ಲ. ಈಗಿನ ಮಕ್ಕಳ ಹೆಸರು ಆದ್ಯಾ, ಅನ್ವಿ, ಶ್ರೀನಿಕಾ ಅಂತಿರುವಾಗ ಶಾಲೆಯಲ್ಲಿ ಇವಳೊಬ್ಬಳೇ ಭಾಗ್ಯವಂತಿ ಆದರೆ ಹುಡುಗರು ಕಾಡುವುದಿಲ್ಲವಾ? ನಾಳೆ ಬೆಂಗಳೂರು, ಪುಣೆ ಅಂತ ಹೋದರೆ ಯಾರ ನಾಲಗೆಗೆ ಸಲೀಸು? ಪಂಚಾಂಗ ನೋಡಿದ ಅಯ್ಯನವರು ರೋಹಿಣಿ ನಕ್ಷತ್ರ, 'ವ' ಅಕ್ಷರ ಬರುತ್ತದೆ ಅಂದಿದ್ದಾರಲ್ಲ? ಕೊನೆಗೆ, "ಅಕ್ಕಾ, ಹಿರಿಯರ ಹೆಸರು ಇಟ್ಟರ ನಾ ಇಕಿಗಿ ಬೈಯೋದು ಹ್ಯಾಂಗ?"

ಕೊನೆಯ ಪ್ರಶ್ನೆ ಎಲ್ಲಕ್ಕಿಂತ ನಿಜವಾದದ್ದು. ಅತ್ತೆಯ ಹೆಸರಿನ ಮಗಳನ್ನು ಸೊಸೆ ಹೆಸರು ಹಿಡಿದು ಬೈಯುವಂತಿರಲಿಲ್ಲ, ಹೊಡೆಯುವಂತಂತೂ ಇರಲೇ ಇಲ್ಲ. ಅದಕ್ಕೇ ಹಳೇ ಮನೆಗಳಲ್ಲಿ ಅಕ್ಕವ್ವ, ತಂಗೆವ್ವ, ಬಾಯಕ್ಕ ಅಂತ ಕರೆಯುವ ಹೆಸರು ಬೇರೆ ಇರುತ್ತಿದ್ದವು. ಹಿರಿಯರ ಹೆಸರು ದೇವರ ಜಗಲಿ ಮೇಲೆ ಇಟ್ಟಂತೆ ಇರುತ್ತಿತ್ತು, ಬಳಕೆಗೆ ಬರುತ್ತಿರಲಿಲ್ಲ. ನನಗೆ ಹಾಗೆ ಆಗುವುದು ಬೇಡವಾಗಿತ್ತು. ಕೂಗಿ ಕರೆಯುವ, ಬೈಯುವ, ಹಾಜರಿ ಪುಸ್ತಕದಲ್ಲಿ ಬರೆಯುವ ಹೆಸರೇ ಆಯಿಯದಾಗಿರಬೇಕು. "ಧಾರಾಳ ಬೈಯಿ, ಆಯಿ ಏನೂ ಅನ್ಕೊಳ್ಳೋದಿಲ್ಲ" ಅಂದೆ.

ಹಳೇ ಹೆಸರುಗಳೆಲ್ಲ ಒಳ್ಳೆಯವೇ ಅಂತ ನಾನು ವಾದ ಮಾಡಲಿಲ್ಲ. ಹುಟ್ಟಿದ ಕೂಸುಗಳು ಉಳಿಯದಿದ್ದಾಗ ತಿಪ್ಪೆಯ ಮೇಲೆ ಹೊರಳಾಡಿಸಿ ತಿಪ್ಪಮ್ಮ ಅಂತ ಇಟ್ಟರು. ಅದರಲ್ಲಿ ಭಯವಿದೆ, ಪ್ರೀತಿಯೂ ಇದೆ. ಆದರೆ ಹೆಣ್ಣು ಹುಟ್ಟಿದ್ದು ಸಾಕು ಅಂತ ಸಾಕಮ್ಮ ಅಂತ ಇಟ್ಟವರೂ ಇದ್ದಾರೆ. ಪಕ್ಕದ ಮಹಾರಾಷ್ಟ್ರದಲ್ಲಿ ಬೇಡವಾದವಳು ಅಂತ ನಕುಸಾ ಎಂದು ಹೆಸರಿಟ್ಟದ್ದನ್ನು ಬದಲಿಸಲು 2011ರಲ್ಲಿ ಸಾತಾರಾ ಜಿಲ್ಲೆಯಲ್ಲಿ ಒಂದು ಸಮಾರಂಭವೇ ನಡೆಯಿತು. ಇನ್ನೂರಕ್ಕೂ ಹೆಚ್ಚು ಹುಡುಗಿಯರು ಅವತ್ತು ತಮಗೆ ಬೇಕಾದ ಹೊಸ ಹೆಸರು ಪಡೆದರು. ಹಿರಿಯರು ಇಟ್ಟಿದ್ದು ಅಂತ ಯಾವ ಹೆಸರನ್ನೂ ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಭಾಗಮ್ಮ ಹಾಗಲ್ಲ. ಹರಕೆ ಹೊತ್ತು, ಕಾದು, ಬೇಡಿ ಪಡೆದ ಮಗಳಿಗೆ ಇಟ್ಟ ಹೆಸರು ಅದು ಅಂತ ಮುತ್ಯಾ ಹೇಳಿದ್ದ.

ಅವಳು ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ನಮ್ಮವ್ವನ ಹೆಸರೂ ಮದಿವ್ಯಾಗ ಬದಲಾಗ್ಯಾದ. ನಾ ಕೇಳೇ ಇಲ್ಲ ನೋಡ್ರಿ, ಅಕಿಗಿ ಯಾವ್ದು ಸೇರ್ತದ ಅಂತ" ಅಂದಳು. ಅಲ್ಲೇ ಬಾಣಂತಿಗೆ ಅಳವಿ ಪಾಯಸ ತಂದಿದ್ದ ಅವಳ ಅವ್ವ ನಕ್ಕು ಒಳಗೆ ಹೋದರು. ಆ ತಾಯಿ-ಮಗಳು ಆಮೇಲೆ ಏನು ಮಾತಾಡಿದರೋ, ಅದು ಅವರ ಮನೆಯ ಮಾತು.

ಅವಳ ಒಂದೇ ಕೋರಿಕೆ, ಅವಳನ್ನು ಎತ್ತಿ ಆಡಿಸಿದ ಅಜ್ಜಿ ನೀಲಮ್ಮನ ಹೆಸರೂ ಸೇರಬೇಕು. ಕಲ್ಯಾಣದಲ್ಲಿ ಆ ಹೆಸರಿಗೆ ಇರುವ ಗೌರವ ಬೇರೆಯೇ. ಬಸವಣ್ಣನವರ ಮಡದಿ ನೀಲಾಂಬಿಕೆ, ಅಕ್ಕ ನಾಗಮ್ಮ, ಗಂಗಾಂಬಿಕೆ ಇವರೆಲ್ಲ ಅಲ್ಲಿನ ಮನೆಗಳಲ್ಲಿ ಇನ್ನೂ ನೀಲಮ್ಮ, ನಾಗಮ್ಮ, ಗಂಗಮ್ಮ ಆಗಿ ಓಡಾಡಿಕೊಂಡಿದ್ದಾರೆ. ನಾನು ತಟ್ಟನೆ ಒಪ್ಪಿದೆ. ಕಿವಿಯಲ್ಲಿ ಎರಡು ಹೆಸರು ಹೇಳುವುದು, ಕಾಗದದಲ್ಲಿ ಭಾಗ್ಯವಂತಿ. 'ವ' ಅಕ್ಷರದ ಜನ್ಮನಾಮ ಪಂಚಾಂಗದ ಲೆಕ್ಕಕ್ಕೆ ಇದ್ದೇ ಇರುತ್ತದೆ.

ಉಳಿದದ್ದು ಆಯಿಯನ್ನು ಕೇಳುವುದು. ಬೇರೆಯವರು ಗುಟ್ಟಾಗಿಡು, ತೊಟ್ಟಿಲ ದಿನ ಕೇಳಿ ಖುಷಿಪಡಲಿ ಅಂದರು. ನಾನು ಒಪ್ಪಲಿಲ್ಲ. ಆಯಿಯ ಹೆಸರನ್ನು ಆಯಿಯನ್ನು ಕೇಳದೆ ಒಂದು ಸಲ ಬದಲಿಸಿ ಆಗಿತ್ತು. ಕೇಳದೆ ಮರಳಿ ಕೊಡುವುದೂ ಸರಿಯಲ್ಲ. ಹಿರಿಯರು ಕಣ್ಣೆದುರಿಗೆ ಇದ್ದರೆ ಕೇಳಲೇಬೇಕು. ಬದುಕಿರುವವರ ಹೆಸರು ಕೂಸಿಗೆ ಇಡಬಾರದು ಅನ್ನುವ ಮನೆಗಳೂ ಇವೆ, ಅದನ್ನೂ ತಿಳಿದುಕೊಳ್ಳಬೇಕಿತ್ತು.

ಹೇಳಿದೆ. ಆಯಿ ಜೋಳ ಹಸನು ಮಾಡುತ್ತಿದ್ದಳು. ಮೊದಲು ಮೊರ ಕೆಳಗಿಟ್ಟಳು. "ಬ್ಯಾಡ. ಅದು ಅತ್ತಿ ಹೆಸರು" ಅಂದಳು. ನಿನ್ನ ಹೆಸರೂ ಅದೇ ಅಲ್ವಾ ಆಯಿ ಅಂದೆ. ಯಾರು ಹೇಳಿದರು ಅಂತ ಕೇಳಿದಳು. ಮುತ್ಯಾನ ಹೆಸರು ಹೇಳಿದಾಗ, "ಅವಗ ಬಾಯಿ ನಿಲ್ಲಂಗಿಲ್ಲ" ಅಂತ ಸಿಟ್ಟು ತೋರಿಸಿದಳು. ಸಿಟ್ಟಿನಲ್ಲಿ ಬಲ ಇರಲಿಲ್ಲ. ಆಮೇಲೆ ತವರಿನ ಮಾತು ಶುರುವಾಯಿತು. ಹೊಳೆ ತುಂಬಿ ಬಂದಾಗ ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಗುಡಿಯ ತನಕ ಹೋದದ್ದು, ಅವ್ವ ಎತ್ತರದ ದನಿಯಲ್ಲಿ ಹೆಸರು ಕೂಗಿದರೆ ನಾಲ್ಕು ಮನೆಯಿಂದ ನಾಲ್ಕು ಭಾಗಮ್ಮಂದಿರು ಓಡಿ ಬರುತ್ತಿದ್ದದ್ದು. ಇಷ್ಟೆಲ್ಲ ಹೇಳುವಾಗಲೂ ಹೆಸರು ಬಾಯಿಗೆ ತರಲಿಲ್ಲ. 'ಆ ಹೆಸರು' ಅಂತಲೇ ಹೇಳಿದಳು. ಅತ್ತೆಯ ಬಗ್ಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಅತ್ತೆ ತನ್ನನ್ನು ಮಗಳ ಹಾಗೆ ನೋಡಿಕೊಂಡಳು ಅಂದಳು. ಕೊನೆಗೆ ಅವಳಾಗಿಯೇ ತೀರ್ಮಾನ ಕೊಟ್ಟಳು. "ಇಡ್ರಿ. ಅತ್ತಿದೂ ಆಯ್ತು, ನಂದೂ ಆಯ್ತು. ನಂಗ ಕರಿಲಿಕ್ಕ ಬರಂಗಿಲ್ಲ. ನೀವು ಕರೀರಿ, ನಾ ಕೇಳ್ತೀನಿ."

ಅದನ್ನು ಹೇಳು, ರೂಢಿ ಮುರಿ ಅಂತ ನಾನು ಒತ್ತಾಯ ಮಾಡಲಿಲ್ಲ. ಇಷ್ಟು ವರ್ಷ ಅವಳು ಇಟ್ಟುಕೊಂಡು ಬಂದ ಮರ್ಯಾದೆ ಅವಳದು.

ತೊಟ್ಟಿಲ ಕಾರ್ಯ ಬಸವಕಲ್ಯಾಣದಲ್ಲಿ ಚೆನ್ನಾಗಿ ಆಯಿತು. ಮೊದಲು ಗುಂಡುಕಲ್ಲಿಗೆ ಬಟ್ಟೆ ಸುತ್ತಿ ತೊಟ್ಟಿಲಲ್ಲಿ ಮಲಗಿಸಿದರು, ಆಮೇಲೆ ಕೂಸು. ಗುಗ್ಗರಿ ಹಂಚಿದರು, ಜೋಗುಳ ಹಾಡಿದರು. ಬೆನ್ನಿಗೆ ಬಿದ್ದ ಗುದ್ದು ಜೋರಾಗಿಯೇ ಇತ್ತು.

ಕಾಗದದ ಕೆಲಸವನ್ನು ನಾನೇ ಬೆನ್ನುಹತ್ತಿ ಮಾಡಿಸಿದೆ. ಗೊತ್ತಿಲ್ಲದವರಿಗೆ ಅಂತ ಇಲ್ಲಿ ಬರೆಯುತ್ತೇನೆ. ಮಗು ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಆಗಬೇಕು. ಆಗ ಹೆಸರು ಗೊತ್ತಾಗಿರಲೇಬೇಕು ಅಂತೇನಿಲ್ಲ. ಹೆಸರಿಲ್ಲದೆಯೇ ನೋಂದಣಿ ಮಾಡಿಸಿ, 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಅದು ತಪ್ಪಿದರೆ ತಡವಾದ ಶುಲ್ಕ ಕಟ್ಟಿ 15 ವರ್ಷದ ತನಕ ಅವಕಾಶವಿದೆ. ಹಾಗಾಗಿ ಆಸ್ಪತ್ರೆಯಲ್ಲಿ ಯಾರೋ ಅವಸರ ಮಾಡಿದರು ಅಂತ ಬಾಯಿಗೆ ಬಂದ ಹೆಸರು ಬರೆಸಬೇಡಿ. ಮನೆಯ ಹಿರಿಯರನ್ನು ಕೇಳಲು ಸಮಯವಿದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್, ಮತದಾರರ ಪಟ್ಟಿ ಎಲ್ಲಕ್ಕೂ ಹುಟ್ಟಿನ ದಾಖಲೆ ಅಂದರೆ ಈ ಜನನ ಪ್ರಮಾಣಪತ್ರವೇ. ಅದಕ್ಕೆ ಅಕ್ಷರ ಅಕ್ಷರ ನೋಡಿಕೊಳ್ಳಬೇಕು. ಇಂಗ್ಲಿಷಿನಲ್ಲಿ ವಿ ಹಾಕಬೇಕೋ ಡಬ್ಲ್ಯೂ ಹಾಕಬೇಕೋ ಅಂತ ನಾವು ಒಂದು ಸಂಜೆಯಿಡೀ ಮಾತಾಡಿದೆವು. ವಿ ಹಾಕಿದೆವು. ಆ ಪತ್ರದಲ್ಲಿ ತಾಯಿಯ ಹೆಸರಿಗೂ ಒಂದು ಸಾಲು ಇದೆ ಅನ್ನುವುದು ನನಗೆ ಬಹಳ ಸಮಾಧಾನ ಕೊಟ್ಟ ವಿಷಯ.

ಈಗ ಆಯಿ ಕೂಸನ್ನು 'ಕೂಸವ್ವ' ಅನ್ನುತ್ತಾಳೆ. ನಾವೆಲ್ಲ ಭಾಗ್ಯಾ, ಭಾಗವ್ವಾ ಅನ್ನುತ್ತೇವೆ. ಕಲ್ಯಾಣದವರಿಗೆ ಅವಳು ನೀಲಾ. ತಮ್ಮನ ಹೆಂಡತಿ ಮೊನ್ನೆ "ಏ ಭಾಗ್ಯವಂತಿ, ಆ ಮಣ್ಣು ಬಾಯಿಂದ ತೆಗಿ" ಅಂತ ಪೂರ್ತಿ ಹೆಸರು ಹಿಡಿದು ಬೈದಳು. ನನಗೆ ಬೇಕಾಗಿದ್ದದ್ದು ಇದೇ.

ಈ ನೆಪದಲ್ಲಿ ನಾನು ನಮ್ಮ ಮನೆಯ ಹೆಂಗಸರ ಹೆಸರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ಶುರು ಮಾಡಿದ್ದೇನೆ. ತವರಿನ ಹೆಸರು ಒಂದು ಕಡೆ, ಗಂಡನ ಮನೆಯ ಹೆಸರು ಇನ್ನೊಂದು ಕಡೆ. ಆಯಿಯ ಅವ್ವ ಶಿವಮ್ಮ. ಅವಳ ಅವ್ವನ ಹೆಸರು ಮುತ್ಯಾನಿಗೂ ಗೊತ್ತಿಲ್ಲ. ಆಯಿಯ ಅತ್ತೆ, ಅಂದರೆ ಮೊದಲನೆಯ ಭಾಗಮ್ಮನ ಸಾಲಿಗೆ ಬಂದಾಗ ಪೆನ್ನು ನಿಂತಿತು. ಅವಳು ತವರಿನಲ್ಲೂ ಭಾಗಮ್ಮನೇ ಆಗಿದ್ದಳಾ? ಅಥವಾ ಅವಳಿಗೂ ಅಕ್ಕಿಯ ಮೇಲೆ ಬರೆದುಕೊಟ್ಟ ಹೆಸರಾ ಅದು? ಆಯಿಗೆ ಗೊತ್ತಿಲ್ಲ, ಅತ್ತೆಯನ್ನು ಕೇಳುವ ಧೈರ್ಯ ಆಗ ಯಾರಿಗಿತ್ತು. ಅವಳ ತವರು ಗಡಿಯಾಚೆ, ಅಕ್ಕಲಕೋಟೆ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ಅವಳ ಅಣ್ಣನ ಮೊಮ್ಮಕ್ಕಳು ಇದ್ದಾರಂತೆ. ಫೋನ್ ನಂಬರು ಸಿಕ್ಕಿದೆ. ಬೇಸಿಗೆ ರಜೆಗೆ ತಮ್ಮನನ್ನೂ ಕರೆದುಕೊಂಡು ಹೋಗುತ್ತೇನೆ.